ಹಿಟ್ಟಿನ ಗಿರಣಿಯ ಮುಂದಿನ ಹತ್ತು ಮಾರು

ರಾಯಚೂರು
5 ನವೆಂಬರ್ 2025, ಬುಧವಾರ

ಗದ್ದೆಪ್ಪ ಕಾಕಾ ಅವರಿಗೆ ಕಾವ್ಯಾಳ ನಮಸ್ಕಾರ.

ಯಾವ ಕಾವ್ಯಾ ಎಂದು ತಲೆ ಕೆರೆದುಕೊಳ್ಳಬೇಡಿ. ಆರು ವರ್ಷದ ಹಿಂದೆ ರಾಯಚೂರಿನಲ್ಲಿ ನಿಮ್ಮ ಗುಂಪು ಗ್ಯಾಸ್ ಪೈಪಿಗೆ ತಗ್ಗು ತೋಡುವಾಗ ದಂಡೆಯ ಮೇಲೆ ಪುಸ್ತಕ ಹಿಡಿದು ನಿಂತಿರುತ್ತಿದ್ದ ಹುಡುಗಿ ನಾನು. ನೀವು ತಗ್ಗಿನೊಳಗೆ ಅಳತೆಕೋಲು ನಿಲ್ಲಿಸಿ ಕೂಗುತ್ತಿದ್ದಿರಿ, ನಾನು ಬರೆದುಕೊಳ್ಳುತ್ತಿದ್ದೆ. ಮೊದಲ ದಿನವೇ ಬಿಸಿಲಿಗೆ ತಲೆ ತಿರುಗಿ ಕುಳಿತಾಗ ಬೂದೆಮ್ಮ ಕಾಕು ಉಳ್ಳಾಗಡ್ಡಿ ಜಜ್ಜಿ ಮಜ್ಜಿಗೆಯ ಜೊತೆ ಕೊಟ್ಟಿದ್ದರು.

ನಿಮಗೆ ಈಗ ಕಿವಿ ಪೂರಾ ಕೇಳಿಸದೆಂದು ದೇವದುರ್ಗದ ಬಸ್ಸಿನ ಕಂಡಕ್ಟರ್ ಜಿಲಾನಿ ಪಾಷಾ ಹೇಳಿದರು. ಕಲ್ಲು ಒಡೆಯುವ ಬ್ರೇಕರ್ ಮಷಿನಿನ ಪಕ್ಕ ಅಷ್ಟು ವರ್ಷ ನಿಂತರೆ ಮತ್ತೇನಾದೀತು! ಅದಕ್ಕೇ ಫೋನು ಬಿಟ್ಟು ಕಾಗದ ಬರೆದೆ. ಜಿಲಾನಿ ಅವರೇ ಮನೆಗೆ ಮುಟ್ಟಿಸುತ್ತಾರೆ. ಉತ್ತರವನ್ನೂ ಅವರ ಕೈಯಲ್ಲೇ ಕೊಡಿ.

ವಿಷಯ ಇಷ್ಟು. ನಾನೀಗ ಶಂಭುಲಿಂಗಪ್ಪ ಎಂಬ ಗುತ್ತಿಗೆದಾರರ ಬಳಿ ಇಂಜಿನಿಯರ್. ಅದೇ ರಸ್ತೆಯಲ್ಲಿ ದೊಡ್ಡ ಚರಂಡಿ ಕಟ್ಟುತ್ತಿದ್ದೇವೆ. ಚರಂಡಿ ಬರುವ ಜಾಗದಲ್ಲೇ ನಿಮ್ಮ ಪೈಪು ಮಲಗಿದೆ. ಅದನ್ನು ರಸ್ತೆಯ ಆಚೆ ಬದಿಗೆ ಸರಿಸಬೇಕು. ಗ್ಯಾಸ್ ಕಂಪನಿಯ ಉದಯಕುಮಾರ ಅವರು ಒಪ್ಪಿದ್ದಾರೆ, ಆದರೆ ಮೊದಲು ಹಳೆಯ ಪೈಪಿನ ಮೇಲಿನ ಮಣ್ಣು ತೆಗೆದು ತೋರಿಸಬೇಕಂತೆ. ಅಲ್ಲಿಯತನಕ ಗ್ಯಾಸು ಅದರಲ್ಲಿ ಹರಿಯುತ್ತಲೇ ಇರುತ್ತದೆ. ಎರಡೂ ಬದಿಯ ಮನೆಗಳ ಒಲೆ ಉರಿಯುವುದು ಅದರಿಂದಲೇ.

ಹಳೆಯ ಅಳತೆ ಪುಸ್ತಕ ತರಿಸಿ ನೋಡಿದೆ. ನನ್ನದೇ ಅಕ್ಷರ. ಹನುಮಪ್ಪನ ಗುಡಿಯಿಂದ ಶಾಲೆಯವರೆಗೆ ಪ್ರತಿ ಹತ್ತು ಮಾರಿಗೂ ನಾಲ್ಕು ಅಡಿ ಆಳ ಎಂದೇ ಇದೆ. ಎಲ್ಲ ಕಡೆಯೂ ನಿಜಕ್ಕೂ ನಾಲ್ಕು ಅಡಿ ಇತ್ತೇ ಕಾಕಾ? ಕಲ್ಲು ಸಿಕ್ಕ ಜಾಗದಲ್ಲೂ? ನೆನಪು ಮಾಡಿಕೊಂಡು ಬರೆಯಿರಿ. ಹೆಚ್ಚುಕಡಿಮೆ ಆಗಿದ್ದರೂ ಬರೆಯಿರಿ, ನಾನು ಯಾರ ಮೇಲೂ ಹೊರೆ ಹಾಕುವುದಿಲ್ಲ.

ನನ್ನ ಫೋನ್ ನಂಬರನ್ನು ಹಿಂಬದಿಗೆ ಬರೆದಿದ್ದೇನೆ. ಮನೆಯಲ್ಲಿ ಯಾರಾದರೂ ಮಾತಾಡುವುದಿದ್ದರೆ ಮಾಡಿಸಿ.

ಕಾವ್ಯಾ

* * *

ದೇವದುರ್ಗ
6 ನವೆಂಬರ್ 2025

ಕಾವ್ಯವ್ವನಿಗೆ ಗದ್ದೆಪ್ಪ ಮೇಸ್ತ್ರಿಯ ಆಶೀರ್ವಾದ.

ಕಾಗದ ಬಂತು ಎಂದ ಕೂಡಲೇ ಬೂದೆಮ್ಮ ಕೋರ್ಟಿನದೇನೋ ಎಂದು ಹೆದರಿ ಕುಳಿತಿದ್ದಳು. ನಿನ್ನದೆಂದು ತಿಳಿದ ಮೇಲೆ, "ಆ ಸಣಕಲ ಹುಡುಗಿದಾ? ಮದುವಿ ಆತೇನಂತ ಮೊದಲ ಕೇಳ್ರಿ" ಎಂದಳು. ನನಗೆ ದನಿ ಕೇಳಿಸದಿದ್ದರೂ ಅವಳ ಬಾಯಿ ನೋಡಿದರೆ ಮಾತು ತಿಳಿಯುತ್ತದೆ. ಮೂವತ್ತು ವರ್ಷ ಬೈಸಿಕೊಂಡವನಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ. ಆಗಿದ್ದರೆ ಬರೆ. ಆಗದಿದ್ದರೆ ಬರೆಯಬೇಡ, ಇವಳು ಗಂಡು ಹುಡುಕಲು ಹೊರಡುತ್ತಾಳೆ.

ನೀನು ದೊಡ್ಡ ಇಂಜಿನಿಯರ್ ಆದದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಅಂದು ಕಪ್ಪು ಮಣ್ಣು, ಮೊರಂ ಮಣ್ಣು ಗುರುತಿಸಲು ಬಾರದೆ ನನ್ನ ಮುಖ ನೋಡುತ್ತಿದ್ದೆ. ಈಗ ನಿನ್ನ ಮುಖ ನೋಡುವವರು ಎಷ್ಟು ಮಂದಿಯೋ.

ಅಳತೆ ಕೇಳಿದ್ದೀಯ. ದೇವದುರ್ಗದಿಂದ ಹೈದರಾಬಾದಿನ ತನಕ ಮಣ್ಣು ಅಗೆಸಿದವನು ನಾನು. ಗದ್ದೆಪ್ಪ ಕೂಗಿದ ಅಳತೆಯನ್ನು ಯಾವ ಸಾಹೇಬನೂ ಎರಡನೇ ಸಲ ಹಿಡಿದು ನೋಡಿದ್ದಿಲ್ಲ. ನಾಲ್ಕು ಅಂದರೆ ನಾಲ್ಕು. ಪುಸ್ತಕದಲ್ಲಿ ಬರೆದಾಗಿದೆ, ಮತ್ತೆ ಮುದುಕನನ್ನು ಏಕೆ ಕೆದಕುತ್ತೀ?

ಅದಿರಲಿ, ಆ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತಲ್ಲ, ಅದಿನ್ನೂ ಇದೆಯೇ? ಚರಂಡಿ ಅದರ ಮುಂದೆಯೇ ಹೋಗುತ್ತದೆಯೇ, ಅಥವಾ ಅಲ್ಲಿಗೆ ಬರುವ ಮೊದಲೇ ತಿರುಗುತ್ತದೆಯೇ? ಸುಮ್ಮನೆ ಕೇಳಿದೆ. ಇದ್ದ ಪೈಪು ಇದ್ದಲ್ಲೇ ಇರಲಿ ಎಂದು ಚರಂಡಿಯನ್ನೇ ಆಚೆ ಬದಿಗೆ ಕಟ್ಟಿದರೆ ಆಗುವುದಿಲ್ಲವೇ? ಕೊಳಚೆ ನೀರಿಗೆ ಯಾವ ಬದಿಯಾದರೇನು. ನಿಮ್ಮ ಸಾಹೇಬರಿಗೆ ಹೇಳಿ ನೋಡು.

ಗದ್ದೆಪ್ಪ

* * *

ರಾಯಚೂರು
10 ನವೆಂಬರ್ 2025, ಸೋಮವಾರ

ಕಾಕಾ,

ಗಿರಣಿ ಇದೆ. ಚರಂಡಿ ಅದರ ಮೆಟ್ಟಿಲ ಮುಂದೆಯೇ ಹೋಗುತ್ತದೆ. ತಿರುಗಿಸಲು ಬರುವುದಿಲ್ಲ, ಇಳಿಜಾರು ಈ ಬದಿಗೇ ಇದೆ.

ನಿನ್ನೆ ಎರಡು ಕಡೆ ಕೈಯಿಂದ ಗುಂಡಿ ತೋಡಿಸಿ ಪರೀಕ್ಷೆ ಮಾಡಿದೆವು. ಗುಡಿಯ ಹತ್ತಿರ ಒಂದು, ಶಾಲೆಯ ಹತ್ತಿರ ಒಂದು. ಎರಡೂ ಕಡೆ ನಾಲ್ಕು ಅಡಿಗೆ ಸರಿಯಾಗಿ ಹಳದಿ ಪೈಪು ಸಿಕ್ಕಿತು. ಉದಯಕುಮಾರ ಅವರು ಟೇಪು ಹಿಡಿದು ನೋಡಿ, "ಏನ್ ಕೈರೀ ಆ ಮೇಸ್ತ್ರಿದು! ಕೂದಲೆಳಿ ಫರಕಿಲ್ಲ" ಎಂದರು. ಶಂಭುಲಿಂಗಪ್ಪನವರಂತೂ ಕುಣಿಯುವುದೊಂದು ಬಾಕಿ.

ನಾನು ಮಾತ್ರ ಖುಷಿಪಡಲಿಲ್ಲ. ನಡುವೆ, ಗಿರಣಿಯ ಮುಂದೆ, ಮೂರನೇ ಗುಂಡಿ ತೋಡೋಣ ಎಂದೆ. ಶಂಭುಲಿಂಗಪ್ಪ ಒಪ್ಪಲಿಲ್ಲ. "ಎರಡು ಕಡಿ ಸರಿ ಬಂದದ. ಗಿರಣಿ ಮುಂದ ಮಂದಿ ಜೋಳದ ಚೀಲ ಹೊತಗೊಂಡು ಓಡಾಡ್ತಾರ. ಅಲ್ಲ್ಯಾಕ ಅಗೀಬೇಕು, ಕಾರಣ ಹೇಳ್ರಿ" ಎಂದರು. ಹೇಳಲು ನನ್ನ ಬಳಿ ಕಾರಣವಿರಲಿಲ್ಲ.

ಮೊದಲು ಪೂರ್ತಿ ಕೈಯಿಂದಲೇ ಅಗೆಯುವುದೆಂದಿತ್ತು. ನೆಲ ಗಟ್ಟಿ, ದಿನಕ್ಕೆ ಐದು ಮಾರೂ ಸಾಗುತ್ತಿಲ್ಲ. ಈಗ ಹೊಸ ಲೆಕ್ಕ ಹಾಕಿದ್ದಾರೆ. ಮೇಲಿನ ಮೂರು ಅಡಿಯನ್ನು ಜೆಸಿಬಿಯಿಂದ ಬಾಚುವುದು, ಉಳಿದ ಒಂದು ಅಡಿಯನ್ನು ಜನರಿಂದ ತೆಗೆಸುವುದು. ನಾಲ್ಕು ಅಡಿ ಇರುವುದು ಖಾತ್ರಿಯಾದ್ದರಿಂದ ಅಪಾಯವಿಲ್ಲ ಎಂದು ಉದಯಕುಮಾರ ಅವರೂ ಸಹಿ ಹಾಕಿದರು. ಜೆಸಿಬಿ 24ನೇ ತಾರೀಖು ಸೋಮವಾರ ಬೆಳಿಗ್ಗೆ ಬರುತ್ತದೆ.

ಆದ್ದರಿಂದ ಇನ್ನೊಮ್ಮೆ ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಗಿರಣಿಯ ಮೆಟ್ಟಿಲಿನಿಂದ ಟ್ರಾನ್ಸ್‌ಫಾರ್ಮರ್ ತನಕದ ಹತ್ತು ಮಾರು. ಅಲ್ಲಿ ಕೆಳಗೆ ಬಂಡೆ ಇತ್ತು ಎಂದು ನನಗೆ ನೆನಪು. ಅಂದು ಬ್ರೇಕರ್ ಮಷಿನು ಬೇರೆ ರಸ್ತೆಗೆ ಹೋಗಿತ್ತು ಎಂದೂ ನೆನಪು. ಅಲ್ಲೂ ನಾಲ್ಕು ಅಡಿಯೇ?

ಕಾವ್ಯಾ

* * *

ದೇವದುರ್ಗ
12 ನವೆಂಬರ್ 2025

ಇಂಜಿನಿಯರ್ ಮೇಡಂ ಅವರಿಗೆ ಗದ್ದೆಪ್ಪನ ನಮಸ್ಕಾರಗಳು.

ತಾವು ಎರಡು ಕಡೆ ಅಗೆಸಿ ನೋಡಿದ್ದೀರಿ, ಎರಡು ಕಡೆಯೂ ನನ್ನ ಮಾತು ನಿಂತಿದೆ. ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ತಾವು ಎರಡು ಹಿಸುಕಿದ್ದೀರಿ. ಇನ್ನೂ ಅನುಮಾನವೆಂದರೆ ಅದು ಅಳತೆಯ ಮೇಲಿನ ಅನುಮಾನವಲ್ಲ, ಮನುಷ್ಯನ ಮೇಲಿನದು. ಕಿವಿ ಹೋದವನಿಗೆ ನೆನಪೂ ಹೋಗಿರುತ್ತದೆ ಎಂದು ತಾವು ತಿಳಿದಂತಿದೆ.

ಪುಸ್ತಕಕ್ಕೆ ಸಹಿ ಹಾಕಿದವರು ತಾವು. ನಾನು ಕೂಗಿದೆ, ತಾವು ಬರೆದಿರಿ. ಅಂದು ಕೇಳದಿದ್ದ ಪ್ರಶ್ನೆಯನ್ನು ಆರು ವರ್ಷದ ಮೇಲೆ ಕೇಳಿದರೆ ನಾನೇನು ಹೇಳಲಿ?

ಆದರೂ ತಿಳಿದವನಾಗಿ ಒಂದು ಮಾತು. ಜೆಸಿಬಿಗೆ ಕಣ್ಣಿಲ್ಲ. ಹತ್ತು ದಿನ ಹೆಚ್ಚಾದರೂ ಚಿಂತೆಯಿಲ್ಲ, ಕೈಯಿಂದಲೇ ಅಗೆಸಿ. ಗಿರಣಿ ಮುಂದಂತೂ ಕೈಯಿಂದಲೇ ಅಗೆಸಿ. ಅಲ್ಲಿ ಜನಸಂಚಾರ ಹೆಚ್ಚು, ಅದಕ್ಕೆ ಹೇಳಿದೆ.

ಮೈ ಸರಿಯಿಲ್ಲ. ಬೂದೆಮ್ಮನನ್ನು ಕರೆದುಕೊಂಡು ಮಾನ್ವಿಯ ಮಗಳ ಮನೆಗೆ ಹೋಗುವವನಿದ್ದೇನೆ.

ಗದ್ದೆಪ್ಪ

* * *

ರಾಯಚೂರು
14 ನವೆಂಬರ್ 2025, ಶುಕ್ರವಾರ

ಕಾಕಾ,

ನೀವು ನನ್ನನ್ನು ಮೇಡಂ ಎಂದು ಕರೆದದ್ದು ಓದಿ ಅಳು ಬಂತು. ಸೈಟಿನಲ್ಲಿ ಅಳುವಂತಿಲ್ಲವಲ್ಲ, ಧೂಳು ಬಿದ್ದವರಂತೆ ಕಣ್ಣು ಒರೆಸಿಕೊಂಡೆ.

ನಿಮ್ಮ ನೆನಪಿನ ಮೇಲೆ ನನಗೆ ಅನುಮಾನವಿಲ್ಲ. ನನಗೆ ಹೆದರಿಕೆಯಾಗಿದೆ. ಆ ರಸ್ತೆಯಲ್ಲಿ ಓಡಾಡುವಾಗ ಯಾರ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿದರೂ, ಆ ಒಲೆಗೆ ಹೋಗುವ ಗ್ಯಾಸು ನನ್ನ ಕಾಲ ಕೆಳಗೆ ಹರಿಯುತ್ತಿದೆ ಎನಿಸಿ ಹೆಜ್ಜೆ ಮೆಲ್ಲಗಾಗುತ್ತದೆ. ಗಿರಣಿಯಲ್ಲಿ ದಿನವಿಡೀ ಮೋಟಾರು ಓಡುತ್ತದೆ. ಎದುರಿಗೆ ಮಿರ್ಚಿ ಕರಿಯುವವನ ಬಂಡಿ ನಿಲ್ಲುತ್ತದೆ. ಜೆಸಿಬಿಯ ಹಲ್ಲು ಪೈಪಿಗೆ ತಾಗಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕೈಯಿಂದ ಅಗೆಯಿರಿ ಎಂದು ನೀವೂ ಹೇಳಿದ್ದೀರಿ. ಅದನ್ನೇ ಕಾರಣ ಕೊಟ್ಟು ಒಂದು ಸಾಲು ಬರೆದುಕೊಡಿ. 'ಗಿರಣಿಯ ಮುಂದೆ ಆಳ ಕಡಿಮೆ ಇರಬಹುದು' ಎಂದಷ್ಟೇ. ಇರಬಹುದು ಎಂದರೆ ಸಾಕು. ಅದನ್ನು ಶಂಭುಲಿಂಗಪ್ಪನವರ ಮೇಜಿನ ಮೇಲಿಟ್ಟು ಕೆಲಸ ನಿಲ್ಲಿಸುತ್ತೇನೆ. ನಾನೇ ದೇವದುರ್ಗಕ್ಕೆ ಬರೋಣವೆಂದರೆ ಧೈರ್ಯವಾಗುವುದಿಲ್ಲ. ನಾನು ಅರ್ಧ ದಿನ ಇಲ್ಲವೆಂದರೆ ಇಲ್ಲಿ ಯಾರು ಏನು ಅಗೆಯುತ್ತಾರೋ ಹೇಳಲಾಗದು.

ಇನ್ನೊಂದು ಸಂಗತಿ. ಕೂಲಿಗೆ ಬಂದವರಲ್ಲಿ ಮಾನ್ವಿ ಕಡೆಯ ಒಬ್ಬ ಹೆಂಗಸಿದ್ದಾಳೆ. ದಿನಾ ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿಕೊಂಡು ಗಿರಣಿಯ ಮುಂದೆ ಒಂದೇ ಜಾಗದಲ್ಲಿ ಬಿಸಿಲಿಗೆ ಕೂರುತ್ತಾಳೆ. ಎಲ್ಲರೂ ನೆರಳಿಗೆ ಹೋದರೂ ಏಳುವುದಿಲ್ಲ. ಕೂಲಿಯವರ ಮೇಲ್ವಿಚಾರಣೆಯ ಮುಕಾದಮ, "ಏ ಯವ್ವಾ, ಅಲ್ಲೇನ್ ಗಂಟ ಹುಗದಿಟ್ಟೀ?" ಎಂದು ಗದರಿಸಿದ. ನಾನು ಹತ್ತಿರ ಹೋದರೆ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಾಳೆ. ಯಾರೋ ಏನೋ. ನಿಮ್ಮ ಕಡೆಯ ಜನರಾದ್ದರಿಂದ ಬರೆದೆ.

ಒಂದು ಸಾಲು, ಕಾಕಾ.

ಕಾವ್ಯಾ

* * *

ರಾಯಚೂರು
19 ನವೆಂಬರ್ 2025, ಬುಧವಾರ

ಕಾಕಾ,

ಐದು ದಿನವಾಯಿತು. ನಿಮ್ಮ ಮನೆಗೆ ಬೀಗ ಹಾಕಿದೆ, ನನ್ನ ಹಿಂದಿನ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ ಎಂದರು ಜಿಲಾನಿ. ಇದನ್ನೂ ಹಾಗೇ ತೂರಿಸಲು ಹೇಳಿದ್ದೇನೆ. ನೀವು ಮಾನ್ವಿಗೆ ಹೋಗಿದ್ದರೆ ಅಲ್ಲಿನ ವಿಳಾಸ ನನಗೆ ಗೊತ್ತಿಲ್ಲ.

ತಾರೀಖು ಬದಲಾಗಿದೆ. ಬೇರೆ ಕೆಲಸ ಮುಗಿದು ಜೆಸಿಬಿ ಮೊದಲೇ ಖಾಲಿಯಾಯಿತಂತೆ. ಸೋಮವಾರದ ಬದಲು ಈ ಶನಿವಾರ, 22ರ ಬೆಳಿಗ್ಗೆ ಎಂಟು ಗಂಟೆಗೆ ಶುರು. ನಾನು ಬೇಡವೆಂದೆ. "ನಿಮಗ ದಿನಾ ಒಂದ್ ಅಂಜಿಕಿ" ಎಂದು ಶಂಭುಲಿಂಗಪ್ಪ ನಕ್ಕರು.

ಇದು ನಿಮ್ಮ ಕೈ ಸೇರಿದರೆ ಯಾರಿಂದಲಾದರೂ ಫೋನು ಮಾಡಿಸಿ.

ಕಾವ್ಯಾ

* * *

ಮಾನ್ವಿ
21 ನವೆಂಬರ್ 2025, ಶುಕ್ರವಾರ

ಕಾವ್ಯವ್ವಾ,

ಮಗಳು ಸವಿತಾಳ ಮನೆಯಿಂದ ಬರೆಯುತ್ತಿದ್ದೇನೆ. ಅವಳ ಫೋನಿನಿಂದ ನಿನಗೆ ನಾಲ್ಕು ಸಲ ಹಚ್ಚಿಸಿದೆ, ನೀನು ಎತ್ತಲಿಲ್ಲ. ಕೆಲಸದಲ್ಲಿರಬೇಕು. ಸೋಮವಾರಕ್ಕೆ ಇನ್ನೂ ಮೂರು ದಿನವಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಕಾಗದ ಹಿಡಿದೆ. ಇದನ್ನು ನಾಳೆ ರಾಯಚೂರಿನ ಮೊದಲ ಬಸ್ಸಿನಲ್ಲಿ ಕಳಿಸುತ್ತೇನೆ.

ಗಿರಣಿಯ ಮುಂದೆ ನಾಲ್ಕು ಅಡಿ ಇಲ್ಲ. ಎರಡೂವರೆ ಇದ್ದರೆ ಹೆಚ್ಚು. ಮೆಟ್ಟಿಲಿನಿಂದ ಟ್ರಾನ್ಸ್‌ಫಾರ್ಮರ್ ತನಕ ಪೂರಾ ಹತ್ತು ಮಾರು ಹಾಗೆಯೇ ಇದೆ. ಮೇಲೆ ಹಾಕಬೇಕಾದ ಎಚ್ಚರಿಕೆಯ ಹಳದಿ ಪಟ್ಟಿಯನ್ನೂ ಜಾಗವಿಲ್ಲದೆ ಪಕ್ಕಕ್ಕೆ ಮಡಚಿಟ್ಟೆವು. ಜೆಸಿಬಿ ಅಲ್ಲಿ ಇಳಿಯಬಾರದು. ಮೊದಲು ಇಷ್ಟನ್ನು ಓದಿ ಕೆಲಸ ನಿಲ್ಲಿಸು, ಉಳಿದದ್ದನ್ನು ಆಮೇಲೆ ಓದು.

ನಮ್ಮಲ್ಲಿ ಜೋಡಿಗೆ ಹತ್ತು ಮಾರು ಎಂದು ಪಾಲು ಹಂಚುತ್ತಿದ್ದುದು ನಿನಗೆ ಗೊತ್ತು. ಚೀಟಿ ಎತ್ತಿದಾಗ ಯಾರಿಗೆ ಯಾವ ನೆಲ ಬಂತೋ ಅದು ಅವರ ಹಣೆಬರಹ. ಗಿರಣಿ ಮುಂದಿನ ಪಾಲು ನೀರಮಾನ್ವಿಯ ಚನ್ನಮಲ್ಲಮ್ಮನಿಗೆ ಬಂತು. ಗಂಡ ಸತ್ತು ಎರಡು ತಿಂಗಳಾಗಿತ್ತು, ಒಬ್ಬಳೇ ಬಂದಿದ್ದಳು. ಎರಡಡಿ ಇಳಿಯುವಷ್ಟರಲ್ಲಿ ಬಂಡೆ ತಾಗಿತು. ಮೂರು ದಿನ ಹಾರೆ ಹಾಕಿ ಕುಟ್ಟಿದಳು. ಅಂಗೈ ಒಡೆದು ಹಾರೆಯ ಹಿಡಿಕೆ ಕೆಂಪಗಾಗಿತ್ತು. ಆಳ ಮುಟ್ಟದಿದ್ದರೆ ಆ ಪಾಲು ಲೆಕ್ಕಕ್ಕೇ ಇಲ್ಲ, ಕೂಲಿಯೂ ಇಲ್ಲ, ಮುಂದಿನ ಕೆಲಸಕ್ಕೆ ಅವಳನ್ನು ಯಾರೂ ಕರೆಯುವುದಿಲ್ಲ. ಸಂಜೆ ಪೈಪು ಇಳಿಸುವವರು ಸುರುಳಿ ಹಿಡಿದು ಬಂದು ನಿಂತಿದ್ದರು. ನಾನು ತಗ್ಗಿಗೆ ಇಳಿದು ಕೋಲು ನಿಲ್ಲಿಸಿ 'ನಾಲ್ಕು' ಎಂದು ಕೂಗಿದೆ. ನೀನು ನನ್ನ ಮೇಲಿನ ನಂಬಿಕೆಯಿಂದ ಬರೆದುಕೊಂಡೆ. ಹೊಸ ಹುಡುಗಿ, ನಿನಗೇನು ಗೊತ್ತಾಗಬೇಕು. ನಿನ್ನ ಪುಸ್ತಕಕ್ಕೆ ನಾನು ಸುಳ್ಳು ಹಾಕಿದೆ. ಈ ಆರು ವರ್ಷದಲ್ಲಿ ನನ್ನನ್ನು ಚುಚ್ಚಿದ್ದು ಅದೇ.

ಕೆಲಸ ಮುಗಿದ ಮೇಲೆ ಚನ್ನಮಲ್ಲಮ್ಮ ನನ್ನನ್ನೂ ಬೂದೆಮ್ಮನನ್ನೂ ನೀರಮಾನ್ವಿಗೆ ಕರೆದೊಯ್ದು, ಎಲ್ಲಮ್ಮನ ಭಂಡಾರದ ಅರಿಸಿನ ಮುಟ್ಟಿಸಿ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಳು. ಭಂಡಾರ ಮುಟ್ಟಿ ಕೊಟ್ಟ ಮಾತನ್ನು ತೆಗೆದುಕೊಂಡವರೇ ಬಿಡಿಸಬೇಕು. ಅದಕ್ಕೇ ನಿನಗೆ ಸಿಟ್ಟಿನ ಕಾಗದ ಬರೆದು, ಅವಳನ್ನು ಹುಡುಕಿಕೊಂಡು ಇಲ್ಲಿಗೆ ಬಂದೆ. ಅವಳ ಮನೆಗೆ ಬೀಗ. ಎಲ್ಲಿ ಹೋದಳೆಂದು ಪಕ್ಕದ ಮನೆಯ ಖಾಸಿಂ ಬೀಗೆ ಗೊತ್ತಿರುತ್ತದೆ, ಆದರೆ ಖಾಸಿಂ ಬೀ ಬೀಗರ ಊರಿಗೆ ಹೋಗಿದ್ದಾಳೆ, ಗುರುವಾರ ಬರುತ್ತಾಳೆ ಎಂದರು ಓಣಿಯವರು. ಕಾದೆ. ನನಗೂ ಕಾಯುವುದೇ ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಿನ್ನೆ ಖಾಸಿಂ ಬೀ ಹೇಳಿದ್ದನ್ನು ಸವಿತಾ ಚೀಟಿಯ ಮೇಲೆ ಬರೆದು ತೋರಿಸಿದಳು: "ಆಕಿ ರಾಯಚೂರಿಗಿ ಹೋಗಿ ತಿಂಗಳಾತು. ಗಿರಣಿ ರಸ್ತಾದಾಗ ಗಟಾರ ಅಗೀತಾರಂತ ಕೇಳಿದಾಕಿನs ಗಂಟು ಕಟ್ಟಿದಳು." ಅವಳು ನಿನ್ನ ಸೈಟಿನಲ್ಲೇ ಇದ್ದಾಳೆ ಕಾವ್ಯಾ. ಹೆಸರು ಹಿಡಿದು ವಿಚಾರಿಸು. ಜೆಸಿಬಿಯ ಹತ್ತಿರ ಬಿಡಬೇಡ.

ಮಾತು ಬಿಡಿಸಿಕೊಳ್ಳದೆಯೇ ಮುರಿದಿದ್ದೇನೆ. ತಾಯಿ ಏನು ಮಾಡುತ್ತಾಳೋ ಮಾಡಲಿ. ನಾಳೆಯ ಬಸ್ಸಿಗೆ ನಾನೂ ಬರಬಹುದಿತ್ತು. ಕಾಗದ ಮೊದಲು ಹೋಗಲಿ, ಮುಖ ಆಮೇಲೆ ತೋರಿಸೋಣ ಎನಿಸಿತು. ಭಾನುವಾರ ಬರುತ್ತೇನೆ.

ಗದ್ದೆಪ್ಪ

* * *

ರಾಯಚೂರು
23 ನವೆಂಬರ್ 2025, ಭಾನುವಾರ

ಕಾಕಾ,

ಎಲ್ಲರೂ ಬದುಕಿದ್ದಾರೆ. ಅದನ್ನು ಮೊದಲು ಬರೆಯುತ್ತೇನೆ. ನೀವು ಇಂದು ಬರಬೇಡಿ, ಸೈಟಿಗೆ ಬೀಗ ಹಾಕಿದ್ದಾರೆ. ನಿಮ್ಮ ಕಾಗದ ತಂದ ಮಾನ್ವಿ ಬಸ್ಸಿನ ಕಂಡಕ್ಟರರೇ ಇದನ್ನು ಇಂದು ಬೆಳಿಗ್ಗೆಯೇ ಸವಿತಾಳ ಮನೆಗೆ ಮುಟ್ಟಿಸುತ್ತೇನೆಂದಿದ್ದಾರೆ.

ನಿಮ್ಮ ಕಾಗದ ನನ್ನ ಕೈಗೆ ಬಂದಾಗ ನಿನ್ನೆ ಹತ್ತು ಗಂಟೆ. ಜೆಸಿಬಿ ಎಂಟಕ್ಕೇ ಶುರುವಾಗಿತ್ತು. ಸೋಮವಾರದ್ದನ್ನು ಶನಿವಾರಕ್ಕೇ ತಂದಿದ್ದರು, ಅದನ್ನು ತಿಳಿಸಿ ಬರೆದ ಕಾಗದ ನಿಮ್ಮ ದೇವದುರ್ಗದ ಬಾಗಿಲಲ್ಲಿ ಬಿದ್ದಿರುತ್ತದೆ.

ಗುಡಿಯ ಕಡೆಯಿಂದ ಬಾಚುತ್ತಾ ಬಂದು ಒಂಬತ್ತಕ್ಕೆ ಗಿರಣಿಯ ಮೆಟ್ಟಿಲು ಮುಟ್ಟಿತು. ಅಲ್ಲಿ ಮೊದಲ ಸಲ ಮಣ್ಣು ಎತ್ತಿತು. ಎರಡನೇ ಸಲಕ್ಕೆ ಕೈ ಚಾಚುವಾಗ ಆ ಹೆಂಗಸು ಹಗ್ಗದ ಕೆಳಗೆ ನುಸುಳಿ ಬಂದು, ತೋಡಿದ ತಗ್ಗಿನೊಳಗೆ ಇಳಿದು ಕುಳಿತುಬಿಟ್ಟಳು. ಡ್ರೈವರು ಮಷಿನು ಬಂದ್ ಮಾಡಿದ. ಮುಕಾದಮ ರಟ್ಟೆ ಹಿಡಿದು ಎಳೆದ. ಅವಳು ಏಳಲಿಲ್ಲ.

"ಇಲ್ಲಿ ಪೈಪು ಮ್ಯಾಲs ಅದ. ಎರಡೂವರಿ ಅಡಿ. ಅಗದಾಕಿ ನಾನು" ಎಂದಳು.

ಶಂಭುಲಿಂಗಪ್ಪ ಬೆವೆತುಹೋದರು. "ಪುಸ್ತಕದಾಗ ನಾಕಡಿ ಬರದದ. ನಿನ್ನ ಮಾತು ನಂಬಲೇನು, ಇಂಜಿನಿಯರ್ ಬರದದ್ದ ನಂಬಲೇನು?" ಎಂದು ನನ್ನ ಕಡೆ ತಿರುಗಿದರು. ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು.

"ಕೈಲೆ ಅಗದು ನೋಡ್ರಿ" ಎಂದೆ. ಅಷ್ಟೇ ಎಂದೆ, ಕಾಕಾ. ಸಲಿಕೆ ಹಿಡಿದು ಮಣ್ಣು ಸರಿಸಿದರು. ಮಷಿನಿನ ಹಲ್ಲು ಇಳಿದ ಗುರುತಿನಿಂದ ಒಂದು ಗೇಣು ಕೆಳಗೆ ಹಳದಿ ಪೈಪು ಕಾಣಿಸಿತು. ಮಿರ್ಚಿ ಬಂಡಿಯವನು ಎಣ್ಣೆ ಕಾಯಲಿಟ್ಟಿದ್ದ. ಉದಯಕುಮಾರ ಅವರು ಓಡಿಹೋಗಿ ಅವನ ಒಲೆ ಆರಿಸಿದರು. ನಾನು ಗಿರಣಿಯ ಮೆಟ್ಟಿಲ ಮೇಲೆ ಕುಳಿತೆ.

ಈಗ ನಾನು ಬರೆಯಬೇಕಾದದ್ದು ಬೇರೆಯಿದೆ. ನಿಮ್ಮ ಸುಳ್ಳನ್ನು ನಾನು ನಂಬಿ ಬರೆದೆ ಎಂದಿದ್ದೀರಿ. ನಾನು ನಂಬಿರಲಿಲ್ಲ. ಬೇರೆ ಎಲ್ಲ ಕಡೆ ನೀವು ತಗ್ಗಿನಲ್ಲಿ ನಿಂತರೆ ನೆಲ ನಿಮ್ಮ ಎದೆಗೆ ಬರುತ್ತಿತ್ತು. ಅಂದು ಅಲ್ಲಿ ನೆಲ ನಿಮ್ಮ ತೊಡೆಗೆ ಬಂದಿತ್ತು. ಕಣ್ಣಿದ್ದವರಿಗೆ ಕಾಣುವಂತಿತ್ತು, ಕೋಲೇ ಬೇಕಿರಲಿಲ್ಲ. ನೀವು ನಾಲ್ಕು ಎಂದಿರಿ. ನಾನು ಚನ್ನಮಲ್ಲಮ್ಮನ ಕೈ ನೋಡಿದೆ, ನಿಮ್ಮ ಮುಖ ನೋಡಿದೆ, ನಾಲ್ಕು ಎಂದು ಬರೆದೆ. ಆಗ ಅದು ಒಳ್ಳೆಯ ಕೆಲಸವೆಂದೇ ಅನಿಸಿತ್ತು.

ಈ ಮೂರು ವಾರ ನಿಮ್ಮನ್ನು ಕೇಳಿದ್ದೆಲ್ಲ ನಾಟಕ. ನನಗೆ ಗೊತ್ತಿದ್ದುದನ್ನೇ ನಿಮ್ಮ ಬಾಯಿಂದ ಹೊರಡಿಸಬೇಕಿತ್ತು. ನೀವು ಹೇಳಿದರೆ ನನ್ನದು ನಿಮ್ಮನ್ನು ನಂಬಿ ಮೋಸಹೋದವಳ ಸಹಿ ಆಗುತ್ತದೆ, ನಾನೇ ಹೇಳಿದರೆ ಗೊತ್ತಿದ್ದೂ ಬರೆದವಳದು. ಕೆಲಸ ಹೋಗುವ ಭಯಕ್ಕೆ ಒಂದು ರಸ್ತೆಯ ಜನರನ್ನೇ ಒತ್ತೆ ಇಟ್ಟೆ. ಶುಕ್ರವಾರ ಬಂದ ನಾಲ್ಕು ಫೋನುಗಳನ್ನು ನೋಡಿದ್ದೆ. ನೀವಿರಬಹುದು ಎಂದು ಅನಿಸಿತ್ತು. ಫೋನಿನ ಮಾತಿಗೆ ಕಾಗದದ ಸಾಕ್ಷಿಯಿಲ್ಲ, ಎತ್ತಿದರೆ ಆ ಕ್ಷಣವೇ ಎಲ್ಲರ ಮುಂದೆ ನಾನೇ ಹೇಳಬೇಕಾಗುತ್ತದೆ ಎಂದು ಹೆದರಿ ಬಿಟ್ಟೆ. ಚನ್ನಮಲ್ಲಮ್ಮನನ್ನೂ ಮೊದಲ ದಿನವೇ ಗುರುತಿಸಿದ್ದೆ. ಯಾರೋ ಹೆಂಗಸು ಎಂದು ನಿಮಗೆ ಬರೆದೆ.

ಮಧ್ಯಾಹ್ನ ಉದಯಕುಮಾರ ಅವರು, ಅಳತೆ ಸುಳ್ಳು ಹೇಳಿದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನs ರೀ. ಮೇಸ್ತ್ರಿಗಿ, ಈ ಅಕ್ಕಗ ಏನೂ ಗೊತ್ತಿಲ್ಲ" ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಇನ್ನು ಮೇಲೆ ಯಾವ ಸೈಟಿಗೂ ಕಾಲಿಡಬಾರದು ಎಂದು ಅವಳನ್ನು ಹೊರಗೆ ಕಳಿಸಿದರು. ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಗುರುವಾರ ಹನ್ನೊಂದಕ್ಕೆ ಗ್ಯಾಸ್ ಕಂಪನಿಯಲ್ಲಿ ವಿಚಾರಣೆಯಿದೆ. ಪೈಪು ಸರಿಸುವ ಕೆಲಸ ಅದು ಮುಗಿದ ಮೇಲೆಯೇ. ನಾನಿನ್ನೂ ಯಾರಿಗೂ ಹೇಳಿಲ್ಲ. ನಿಮಗೆ ಮಾತ್ರ ಬರೆದಿದ್ದೇನೆ.

ಕಾವ್ಯಾ

* * *

ನೀರಮಾನ್ವಿ
25 ನವೆಂಬರ್ 2025, ಮಂಗಳವಾರ

ಕಾವ್ಯಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆರು ವರ್ಷ ನಾನು ಒಂದು ಹುಡುಗಿಗೆ ಮೋಸ ಮಾಡಿದೆ ಎಂದು ಕೊರಗಿದ್ದೇನೆ. ಆ ಹುಡುಗಿಗೆ ಗೊತ್ತಿತ್ತು! ಬೂದೆಮ್ಮನಿಗೆ ಹೇಳಿದರೆ ಅವಳು ನನ್ನನ್ನೇ ಬೈದಳು. "ಕುಂಬಳಕಾಯಿ ಕಳ್ಳ ಅಂದ್ರ ಇಬ್ಬರೂ ಹೆಗಲ ಮುಟ್ಟಿ ನೋಡ್ಕೊಂಡೀರಿ, ಸುಮ್ಮನಿರ್ರಿ" ಎಂದಳು. ಸುಮ್ಮನಾದೆ. ಅವಳೇ ನನ್ನನ್ನು ಎಬ್ಬಿಸಿ ಚನ್ನಮಲ್ಲಮ್ಮನ ಮನೆಗೆ ಕಳಿಸಿದಳು.

ಚನ್ನಮಲ್ಲಮ್ಮ ಅಂಗಳದಲ್ಲಿ ಕುಳಿತಿದ್ದಳು. ಮುಕಾದಮ ಎಳೆದ ತೋಳು ಊದಿದೆ, ಅರಿಸಿನ ಹಚ್ಚಿಕೊಂಡಿದ್ದಾಳೆ. ಭಂಡಾರದ ಮಾತು ಮುರಿದದ್ದಕ್ಕೆ ಕಾಲಿಗೆ ಬೀಳಲು ಹೋದೆ. ಹಿರಿಯನೆಂದು ಬಿಡಲಿಲ್ಲ. ಮಾತು ಬಿಟ್ಟುಕೊಟ್ಟೆ ಎಂದು ಕೈ ಎತ್ತಿ ಮುಗಿದಳು. ಆಮೇಲೆ ನನ್ನ ಕೈಯಲ್ಲಿದ್ದ ನಿನ್ನ ಕಾಗದವನ್ನು ತೋರಿಸಿ ಓದಿರಿ ಎಂದಳು. ಬಿಡದೆ ಎಲ್ಲವನ್ನೂ ಓದಿದೆ. ನೀನು ತಗ್ಗು ನೋಡಿದ್ದು, ಅವಳನ್ನು ಗುರುತಿಸಿದ್ದು, ಫೋನು ಎತ್ತದೇ ಇದ್ದದ್ದು. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತರು.

ಓದಿ ಮುಗಿಸಿ ಕಾಗದ ಮಡಚಿದೆ. ನಾನು ಎದ್ದು ಹೊರಡಲು ಹವಣಿಸಿದೆ. ಆಗ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇಬ್ಬರಿಗೂ ಗೊತ್ತಿತ್ತು. ಮತ್ತ ನನ್ನೊಬ್ಬಾಕಿನ್ನ ಯಾಕ ಆ ತಗ್ಗಿನಾಗ ಕುಂದ್ರಿಸಿದ್ರಿ?"

ತಿಳಿಯಲಿಲ್ಲ ಎಂದು ಕೈ ಆಡಿಸಿದೆ. ಸುಳ್ಳು, ತಿಳಿದಿತ್ತು. ಅವಳು ಗದ್ದ ಬಿಡದೆ ಇನ್ನೊಮ್ಮೆ ಅದನ್ನೇ ಕೇಳಿದಳು.

ವಿಚಾರಣೆಗೆಂದು ಗುರುವಾರ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತಿದ್ದೇನೆ. ಕಂಪನಿಯ ಸಾಹೇಬರು ಏನು ಕೇಳಿದರೂ ಹೇಳಲು ನನ್ನಲ್ಲಿ ಉತ್ತರವಿದೆ. ಇವಳು ಕೇಳಿದ್ದಕ್ಕೆ ಇಲ್ಲ. ನೀನು ಬಸ್ ಸ್ಟ್ಯಾಂಡಿಗೆ ಬಾ. ಹನ್ನೊಂದರ ತನಕ ಇವಳ ಎದುರು ನಾನೊಬ್ಬನೇ ಕೂರಲಾರೆ.

ಗದ್ದೆಪ್ಪ